‘ಆಯ್ತು’ ಎಂದರೆ ಏನಾಯ್ತು?

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ‘ಆಯ್ತು’ ಅನ್ನುವ ಹಾಗಿರಲಿಲ್ಲ. ಊಟ ಆಯ್ತು ಅಂದರೂ ಅಪ್ಪ ಹುಬ್ಬು ಗಂಟಿಕ್ಕುತ್ತಿದ್ದರು. ‘ಉಂಡೆ’ ಅನ್ನಬೇಕು. ಕೆಲಸ ಹೇಳಿದರೆ ‘ಮಾಡ್ತೀನಿ’, ಮಾಡಿದ ಮೇಲೆ ‘ಮಾಡಿದೆ’. ಯಾಕೆ ಅಂತ ನಮಗೆ ಗೊತ್ತಿರಲಿಲ್ಲ.

ಅಪ್ಪ ಮೊದಲು ಮಿಲಿಟರಿಯಲ್ಲಿದ್ದವರು, ಯುದ್ಧದಲ್ಲಿ ಬೆನ್ನ ಮೇಲೆ ವೈರ್‌ಲೆಸ್ ಹೊತ್ತವರು. ಒಂದು ಕಿವಿ ಮಂದ ಮಾಡಿಕೊಂಡು ಬಂದು ಕರೆಂಟಿನ ಇಲಾಖೆಗೆ ಸೇರಿದರು. ಆಮೇಲಾಮೇಲೆ ದೊಡ್ಡ ಸಾಹೇಬರಾದರು, ಕಾರು ಬಂತು. ನಾನು ಹೇಳುವ ಕಾಲಕ್ಕೆ ಅವರು ಮುಳಬಾಗಿಲಿನ ಸಬ್‌ಸ್ಟೇಷನ್ ನೋಡಿಕೊಳ್ಳುತ್ತಿದ್ದರು. ನಮ್ಮ ಮನೆ ಅದರ ಪಕ್ಕದಲ್ಲೇ. ಬೆಳಿಗ್ಗೆ ನನ್ನ ಜಡೆ ಹೆಣೆಯುತ್ತಿದ್ದವರೂ ಅಪ್ಪನೇ. ಹಗ್ಗ ಹೊಸೆದ ಹಾಗೆ ಬಿಗಿಯುತ್ತಿದ್ದರು, ಸಂಜೆವರೆಗೆ ನನ್ನ ಕಣ್ಣು ಮೇಲಕ್ಕೆ ಎಳೆದುಕೊಂಡೇ ಇರುತ್ತಿತ್ತು.

ಅವತ್ತು ಅಕ್ಕನ ತಾಂಬೂಲ. ಶ್ರೀನಿವಾಸಪುರದಿಂದ ಗಂಡಿನವರು ಬಂದಿದ್ದರು, ಮಾವಿನ ಮಂಡಿ ಇಟ್ಟಿದ್ದ ಜನ. ಹುಡುಗ ಅಕ್ಕನಿಗೂ ಇಷ್ಟವಾಗಿದ್ದ. ತಟ್ಟೆ ಬದಲಾಯಿಸಿದರೆ ಮಾತು ಗಟ್ಟಿ. ಒಳಗೆ ಒಬ್ಬಟ್ಟಿನ ವಾಸನೆ, ಹೊರಗೆ ಬೆಂಕಿಯಂಥ ಬಿಸಿಲು. ಫ್ಯಾನು ಮಾತ್ರ ನಿಂತಿತ್ತು. ದೇವರಾಯಸಮುದ್ರದ ಕೆರೆ ಏರಿಯ ಮೇಲೆ ತಂತಿ ಹರಿದು, ನಮ್ಮ ಲೈನ್‌ಮನ್ ಕಂಬ ಹತ್ತಿದ್ದರು. ಅವರನ್ನು ನಾವು ಚಾಚಾ ಅನ್ನುತ್ತಿದ್ದೆವು. ನಮ್ಮ ಮನೆಗೂ ಅದೇ ಲೈನು. ಅಪ್ಪ ಕರೆಂಟು ತೆಗೆದು, ಸ್ವಿಚ್ಚಿಗೆ ಬೀಗ ಹಾಕಿ, ಬೀಗದ ಕೈ ಜೇಬಿನಲ್ಲಿಟ್ಟುಕೊಂಡಿದ್ದರು.

ಹುಡುಗನ ಸೋದರಮಾವ ದಪ್ಪ ಆಸಾಮಿ. ಪಂಚೆಯ ತುದಿಯಲ್ಲಿ ಗಾಳಿ ಹಾಕಿಕೊಳ್ಳುತ್ತಾ, “ಏಮಂಡೀ ಸಾರ್, ಊರಿಗೆಲ್ಲ ಕರೆಂಟ್ ಕೊಡೋರ ಮನೇಲೇ ಕರೆಂಟಿಲ್ವಲ್ಲ! ನಮ್ಮ ಹುಡುಗನ್ನ ಬೇಯಿಸಿ ಕಳಿಸ್ತೀರಾ?” ಅಂದ. ಎಲ್ಲರೂ ನಕ್ಕರು. ಅಮ್ಮನಿಗೆ ಮಾತ್ರ ಅವಮಾನವಾಯಿತು. ಅಕ್ಕನನ್ನು ಒಳಗೆ ಕರೆದು, “ಆ ಕೆರೆ ಊರಿನ ಗಿರಣೀಲಿ ಫೋನಿದೆ, ಮಾಡಿ ಕೇಳೇ” ಎಂದು ಪಿಸುಗುಟ್ಟಿದಳು. ಅಕ್ಕ ರೇಷ್ಮೆ ಸೀರೆಯಲ್ಲೇ ಫೋನ್ ತಿರುಗಿಸಿದಳು. ಅತ್ತಲಿಂದ ಗಿರಣಿಯ ಗುಮಾಸ್ತ ಏನೋ ಅಂದ, ಲೈನು ಕಟ್ಟಾಯಿತು. ಅಕ್ಕ ಬಾಗಿಲಿಗೆ ಬಂದು, “ಅಪ್ಪಾ, ಆಯ್ತಂತೆ” ಅಂದಳು.

“ಹಾಕಿ ಮತ್ತೆ!” ಅಂದ ಸೋದರಮಾವ.

ಅಪ್ಪ ಎದ್ದು ನಿಂತರು. “ಯಾರಮ್ಮ ಹೇಳಿದ್ದು? ಚಾಚಾನೇನಾ?”

“ಅಲ್ಲ, ಗಿರಣಿಯವರು. ಕೆಲಸ ಆಯ್ತಾ ಕೇಳಿ ಅಂದೆ. ಆಯ್ತಮ್ಮ ಅಂದ್ರು.”

“ಹೋಗಿ ನೋಡ್ಕೊಂಡ್ ಬರ್ತೀನಿ” ಎಂದು ಅಪ್ಪ ಚಪ್ಪಲಿ ಮೆಟ್ಟಿದರು. ಅಮ್ಮ ಕಣ್ಣಲ್ಲೇ ಬೇಡಿಕೊಂಡಳು. ಸೋದರಮಾವನ ಮುಖ ಇನ್ನೂ ಕೆಂಪಾಯಿತು. “ತಾಂಬೂಲದ ತಟ್ಟೆ ಮುಂದಿಟ್ಟು ಎದ್ದು ಹೋಗ್ತಾರೇನ್ರೀ? ನಾವು ಬೇಕೋ ನಿಮಗೆ, ಆ ಕಂಬ ಬೇಕೋ?” ಅಪ್ಪ ಕೈ ಮುಗಿದರು, ಆದರೆ ಕೂರಲಿಲ್ಲ. ಇಲಾಖೆಯ ಜೀಪಿನಲ್ಲಿ ನಾನು ಮೊದಲೇ ಹತ್ತಿ ಕೂತಿದ್ದೆ. ನನ್ನನ್ನು ಇಳಿಸುವಷ್ಟು ಪುರುಸೊತ್ತು ಅವರಿಗಿರಲಿಲ್ಲ.

ಕೆರೆ ಏರಿಯ ಮೇಲೆ ಒಬ್ಬ ಕೊಡೆ ಹಿಡಿದು ನಿಧಾನವಾಗಿ ನಡೆದು ಹೋಗುತ್ತಿದ್ದ. ಅಪ್ಪ ಜೀಪು ನಿಲ್ಲಿಸಿದರು. ಅವನೇ ಗಿರಣಿಯ ಗುಮಾಸ್ತ. “ಆಯ್ತು ಅಂದ್ಯಂತಲ್ಲಯ್ಯಾ?” ಎಂದು ಅಪ್ಪ ಕೇಳಿದರೆ, “ಹೂಂ ಸಾರ್, ಕೇಳಿ ಅಂದ್ರು ಅಮ್ಮಾವ್ರು. ಆಯ್ತು ಅಂದೆ. ಕೇಳೋಕೇ ಹೋಗ್ತಿದ್ದೀನಿ” ಅಂದ.

ಅಲ್ಲಿ ಮುಂದೆ, ಕಂಬದ ತುದಿಯಲ್ಲಿ, ಚಾಚಾ ಎರಡೂ ಕೈಯಲ್ಲಿ ತಂತಿ ಹಿಡಿದುಕೊಂಡಿದ್ದರು. ಕೆಳಗೆ ನೋಡಿ, “ಅರೆ ಸಾಬ್, ಬೀಗರನ್ನ ಬಿಟ್ಟು ಇಲ್ಲಿಗ್ಯಾಕೆ ಬಂದ್ರಿ?” ಎಂದು ನಕ್ಕರು.

“ನೀನು ಇಳಿಯೋದನ್ನ ನೋಡೋಕೆ” ಅಂದರು ಅಪ್ಪ.

ಹುಣಸೆ ಮರದ ಕೆಳಗೆ ಕೂತೆವು. ಕೆರೆಯ ಕೆಸರಿನ ವಾಸನೆ ಬರುತ್ತಿತ್ತು. ಅಪ್ಪನ ಕೈ ಜೇಬಿನೊಳಗೇ ಇತ್ತು, ಬೀಗದ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಯುದ್ಧದ ಮಾತು ಯಾವತ್ತೂ ಎತ್ತದ ಅವರು ಅವತ್ತು ತಾವಾಗಿಯೇ ಹೇಳಿದರು. “ಅಲ್ಲೂ ಹಿಂಗೇ ಕಣಮ್ಮಾ. ಹಿಂದಕ್ಕೆ ಬರ್ತಿದ್ದ ನಮ್ಮ ಹುಡುಗರನ್ನ ಹೊಳೆ ದಾಟಿದ್ರಾ ಅಂತ ವೈರ್‌ಲೆಸ್ಸಲ್ಲಿ ಕೇಳ್ದೆ. ಅಚ್ಛಾ ಅಂತ ಒಂದು ಮಾತು ಬಂತು. ದಾಟಿದ್ವಿ ಅಂತ ಅಂದ್ನೋ, ಕೇಳಿಸ್ತು ಅಂತ ಅಂದ್ನೋ. ದಾಟಿದ್ರು ಅಂತ ನಾನು ಮೇಲಿನವರಿಗೆ ಹೇಳ್ದೆ. ಅವರು ಇನ್ನೂ ಆ ದಡದಲ್ಲೇ ಇದ್ರು. ನಮ್ಮ ಫಿರಂಗಿಗಳೇ ಅಲ್ಲಿಗೆ ಹೊಡೆದವು.”

ಚಾಚಾ ಇಳಿದ ಮೇಲೆ ಅವರನ್ನು ಜೀಪಿನಲ್ಲೇ ಕರೆತಂದೆವು. ಗಂಡಿನವರು ಹೊರಟು ಹೋಗಿದ್ದರು. ತಟ್ಟೆಯಲ್ಲಿ ವೀಳ್ಯದೆಲೆ ಬಾಡಿತ್ತು. ಅಮ್ಮ ಅಪ್ಪನ ಜೊತೆ ಮಾತು ಬಿಟ್ಟಳು. ಅಕ್ಕ ಅಡುಗೆಮನೆಯಲ್ಲಿ ಅಳುತ್ತಿದ್ದಳು. ಅಪ್ಪ ಮಾಡಿದ್ದು ಸರಿಯೇ. ಆದರೂ ಅಳು ಬರುತ್ತದೆ, ಅದರಲ್ಲಿ ತಪ್ಪೇನಿಲ್ಲ. ಸ್ವಲ್ಪ ಹೊತ್ತಿಗೆ ಅಕ್ಕ ತಲೆ ಎತ್ತಿ, “ನೀವು ಹೋದಾಗ ಚಾಚಾ ಇನ್ನೂ ಕಂಬದ ಮೇಲಿದ್ರಾ?” ಎಂದು ಕೇಳಿದಳು. ಇದ್ದರು ಅಂದೆ. ಅವಳು ಎದ್ದು ಮುಖ ತೊಳೆದುಕೊಂಡು ಬಂದು, ಬೀಗರಿಗೆಂದು ಇಟ್ಟಿದ್ದ ಎಲೆಯಲ್ಲಿ ಚಾಚಾನಿಗೆ ಒಬ್ಬಟ್ಟು ಬಡಿಸಿ, ತುಪ್ಪ ಸುರಿದಳು. ಚಾಚಾಗೆ ಏನೂ ಗೊತ್ತಿಲ್ಲ. ಚೆನ್ನಾಗಿ ಉಂಡರು.

ಮಾರನೇ ದಿನದಿಂದ ಅಪ್ಪ ಲೈನಿನವರಿಗೆಲ್ಲ ಹೊಸ ಕಟ್ಟಳೆ ಮಾಡಿದರು. ಕಂಬ ಹತ್ತಿದವನೇ ಇಳಿದು ಬಂದು ಹೇಳಬೇಕು, ಅದೂ ನಮ್ಮ ಗಡಿ ಕಡೆ ಎಲ್ಲರಿಗೂ ಬರುವ ತೆಲುಗಿನಲ್ಲಿ. ತೆಲುಗಿನಲ್ಲಿ ಮುಗಿದರೆ ‘ಅಯಿಪೋಯಿಂದಿ’, ಒಪ್ಪಿದರೆ ‘ಸರೇ’. ಎರಡಕ್ಕೂ ಬೇರೆ ಬೇರೆ ಮಾತು. ಅಕ್ಕನಿಗೆ ಆಮೇಲೆ ಮಾಲೂರಿನ ಸಂಬಂಧ ಬಂತು, ಮದುವೆಯಾಯಿತು. ಮೊದಲಿನದಕ್ಕಿಂತ ಇದೇ ಒಳ್ಳೆಯದಾಯಿತು ಅಂತ ಕಥೆಯಲ್ಲಿ ಹೇಳುತ್ತಾರೆ, ನಾನು ಹೇಳುವುದಿಲ್ಲ. ಅದು ಯಾರಿಗೆ ಗೊತ್ತು?

ಮಕ್ಕಳೇ, ನಿಮಗೆ ಕರೆಂಟು ಹೋದರೆ ಇನ್ವರ್ಟರ್ ಇದೆ. ಅದೂ ನಿಂತರೆ ಫೋನ್ ತೆಗೆದು ಬೈಯುತ್ತೀರಿ. ಬೈಯಿರಿ, ನಾವೂ ಬೈಯುತ್ತಿದ್ದೆವು. ಆದರೆ ಕಂಬದ ಮೇಲಿದ್ದವರು ಯಾರು, ಅವರಿಗೆ ಎಷ್ಟು ಮಕ್ಕಳು, ಅವರು ಹೇಗೆ ನಗುತ್ತಾರೆ ಅಂತ ನಮಗೆ ಗೊತ್ತಿರುತ್ತಿತ್ತು. ಈಗಲೂ ಯಾರೋ ಒಬ್ಬರು ಕಂಬ ಹತ್ತಿರುತ್ತಾರೆ. ನಿಮಗೆ ಅವರ ಮುಖ ಗೊತ್ತಿಲ್ಲ.