ಗಂಟೆ ನಿಂತ ಮೂರು ದಿನ

ಏಳೆಂಟು ವರ್ಷದ ಹಿಂದಿನ ಮಾತು. ಸರ್ಕಾರಿ ಪಶುವೈದ್ಯನಾಗಿ ನಿವೃತ್ತನಾದ ಮೇಲೆ ಯಡಿಯೂರು ಕೆರೆಯ ಹತ್ತಿರ ಸಣ್ಣದೊಂದು ಕ್ಲಿನಿಕ್ ಇಟ್ಟುಕೊಂಡಿದ್ದೆ. ಮೂವತ್ತು ವರ್ಷ ಹಸು ಎಮ್ಮೆಗಳನ್ನು ನೋಡಿದ ಕೈಗೆ ಹಕ್ಕಿ ಹಿಡಿಯುವುದು ಹೊಸ ಪಾಠ. ಆದರೂ ಬೋರ್ಡಿನಲ್ಲಿ ‘ಪಕ್ಷಿಗಳಿಗೂ ಚಿಕಿತ್ಸೆ’ ಎಂದು ಬರೆಸುವಷ್ಟು ಜಂಬ ಇತ್ತು.

ಒಂದು ಸಂಜೆ ಜಯನಗರದ ನಿವೃತ್ತ ಶಿಕ್ಷಕಿ ವಿಶಾಲಾಕ್ಷಮ್ಮ ಬುಟ್ಟಿಯೊಂದನ್ನು ಎದೆಗವಚಿಕೊಂಡು ಬಂದರು. ಒಳಗೆ ಅವರು ಸಾಕಿದ ಕಾಕಟೀಲ್, ಗಿಳಿ ಜಾತಿಯ ಪುಟ್ಟ ಹಕ್ಕಿ. ಬೂದು ಮೈ, ಹಳದಿ ಜುಟ್ಟು, ಕೆನ್ನೆಯ ಮೇಲೆ ಕಿತ್ತಳೆ ಬಣ್ಣದ ಬೊಟ್ಟು. ತೂಗಿದರೆ 82 ಗ್ರಾಂ. ಹೆಸರು ಮಾತ್ರ ಗುಂಡ.

ದಿನಾ ಸಂಜೆ ಅವರು ಮಂಗಳಾರತಿ ಮಾಡುವಾಗ ಗುಂಡ ದೇವರಮನೆಯ ಬಾಗಿಲಿನ ಮೇಲೆ ಕೂತು ಗಂಟೆಯ ಜೊತೆ ಶಿಳ್ಳೆ ಹಾಕುತ್ತಿದ್ದನಂತೆ. ಅಂದು ಪೂಜೆ ಮುಗಿಯುವಷ್ಟರಲ್ಲಿ ಗೇಟಿನ ಬಳಿ ಯಾರೋ ಕೂಗಿದರು. ಅವರು ಅಭ್ಯಾಸಬಲದಿಂದ ಬಾಗಿಲು ಎಳೆದುಕೊಂಡರು. ಗುಂಡನ ಕಾಲ್ಬೆರಳು ಸಂದಿಗೆ ಸಿಕ್ಕಿ ಜಜ್ಜಿಹೋಯಿತು. ರಕ್ತ ಕಂಡೊಡನೆ ನಮ್ಮ ಮನೆಗಳಲ್ಲಿ ಯಾರಾದರೂ ಮಾಡುವುದನ್ನೇ ಮಾಡಿದರು: ಕೊಬ್ಬರಿ ಎಣ್ಣೆಯಲ್ಲಿ ಅರಿಶಿನ ಕಲಸಿ, ಹೊಟ್ಟೆಯ ಗರಿಗಳೂ ತೋಯುವಷ್ಟು ಧಾರಾಳವಾಗಿ ಮೆತ್ತಿದರು.

“ಎಣ್ಣೆ ಹಚ್ಚಬಾರ್ದಿತ್ತಾ ಡಾಕ್ಟ್ರೇ? ಸ್ಕೂಲಲ್ಲಿ ಮಕ್ಕಳು ಬಿದ್ದಾಗೆಲ್ಲಾ ಇದನ್ನೇ ಹಚ್ತಿದ್ದೆ.”

ಹಕ್ಕಿಗೆ ಗರಿಯೇ ಕಂಬಳಿ. ಎಣ್ಣೆ ತಾಗಿದರೆ ಗರಿ ಅಂಟಿಕೊಂಡು ಮೈಯ ಬಿಸಿ ನಿಲ್ಲುವುದಿಲ್ಲ. ಗುಂಡ ಆಗಲೇ ತಣ್ಣಗಾಗಿದ್ದ. ಬೆರಳಿನ ತುದಿ ಉಳಿಯುವಂತಿರಲಿಲ್ಲ, ತೆಗೆದು ರಕ್ತ ನಿಲ್ಲಿಸಿದೆ. ಎಣ್ಣೆಯನ್ನು ಬಟ್ಟೆಯಲ್ಲಿ ಒತ್ತಿ ತೆಗೆದೆ. ಸ್ನಾನ ಮಾಡಿಸಲಿಲ್ಲ, ಶಾಕ್ ಆದ ಹಕ್ಕಿ ನೀರನ್ನು ತಡೆಯದು. ಚೀಟಿಯಲ್ಲಿ ನೋವಿನ ಔಷಧಿ, ಬಲ್ಬಿನ ಕಾವು, ಮಂದ ಬೆಳಕು ಎಂದು ಬರೆದು, ‘ಸದ್ದು ಕೂಡದು’ ಎಂಬುದರ ಕೆಳಗೆ ಎರಡು ಗೆರೆ ಎಳೆದೆ.

ಗಾಯ ಒಣಗುತ್ತಾ ಬಂತು. ಆದರೆ ಗುಂಡ ಕಾಳು ಮುಟ್ಟಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಕ್ಲಿನಿಕ್ಕಿಗೆ ತಂದಾಗ ತೂಕ 74 ಗ್ರಾಂ. ಟ್ಯೂಬಿನಲ್ಲಿ ಗಂಜಿ ಹಾಕಿದೆ, ಅದು ಒಂದೆರಡು ದಿನದ ಆಸರೆ ಅಷ್ಟೆ. ತಾನಾಗಿ ತಿನ್ನದಿದ್ದರೆ ಹಕ್ಕಿ ಉಳಿಯುವುದಿಲ್ಲವೆಂದು ನನಗೆ ಗೊತ್ತಿತ್ತು. ಅದನ್ನು ಹೇಳದೆಯೇ ಅವರನ್ನು ಕಳಿಸಿ, ಸಂಜೆ ನಾನೇ ಅವರ ಮನೆಗೆ ಹೋದೆ.

ಆ ಮನೆಯ ನಿಶ್ಶಬ್ದ ಇವತ್ತಿಗೂ ನೆನಪಿದೆ. ಸಂಪಿಗೆ ಮರದ ಎಲೆಗಳ ನಡುವಿನಿಂದ ಬಿದ್ದ ಬಿಸಿಲು ನೆಲದ ಮೇಲೆ ನೀರಿನ ಹಾಗೆ ಅಲುಗುತ್ತಿತ್ತು. ರಟ್ಟಿನ ಪೆಟ್ಟಿಗೆಯಲ್ಲಿ ಬಲ್ಬಿನ ಕೆಂಪು ಬೆಳಕು, ಅದರೊಳಗೆ ಕಣ್ಣು ಮುಚ್ಚಿದ ಗುಂಡ. ದೇವರ ಮುಂದೆ ದೀಪ ಉರಿಯುತ್ತಿತ್ತು. ನಾನು ಯಾರದೋ ಕನಸಿನೊಳಗೆ ಚಪ್ಪಲಿ ಬಿಟ್ಟು ಬಂದಂತಿತ್ತು.

“ಮಿಕ್ಸಿ ಮುಟ್ಟಿಲ್ಲ ಡಾಕ್ಟ್ರೇ. ಗಡಿಯಾರದ ಸೆಲ್ಲೂ ತೆಗ್ದಿದೀನಿ,” ಎಂದರು ಪಿಸುದನಿಯಲ್ಲಿ.

“ಮಂಗಳಾರತಿ?”

“ಗಂಟೆ ಇಲ್ದೆ ಮಾಡ್ತಿದೀನಿ. ನೀವೇ ಸದ್ದು ಕೂಡ್ದು ಅಂದ್ರಲ್ಲ. ಮದುವೆಯಾಗಿ ಬಂದಾಗಿನಿಂದ ಈ ಮನೇಲಿ ಗಂಟೆ ನಿಂತಿರ್ಲಿಲ್ಲ.”

ನನಗೆ ನಾಚಿಕೆಯಾಯಿತು. ಆ ಹಕ್ಕಿಗೆ ದಿನದ ಗುರುತೇ ಆ ಗಂಟೆ. ಅದನ್ನು ಎರಡು ಗೆರೆ ಎಳೆದು ನಿಲ್ಲಿಸಿದವನು ನಾನು.

“ಒಂದ್ಸಲ ಬಾರ್ಸಿ, ಮೇಡಂ. ಮೆಲ್ಲಗೆ.”

“ಬೇಡಿ. ಹೆದರ್ಕೊಂಡು ಸತ್ತೋದ್ರೆ? ನಾನು ಮಾಡಿದ್ ಒಂದ್ ತಪ್ಪೇ ಸಾಕು.”

“ಈ ಸಲ ತಪ್ಪಾದ್ರೆ ನಂದು.”

ಅವರು ಅಳುಕುತ್ತಲೇ ಬಾರಿಸಿದರು, ಗಂಟೆ ತೊದಲಿತು. ಗುಂಡ ಅಲುಗಲಿಲ್ಲ. ಇನ್ನೊಮ್ಮೆ ಬಾರಿಸಿದರು. ಮಡಿಚಿಕೊಂಡಿದ್ದ ಜುಟ್ಟು ನಿಧಾನವಾಗಿ ಎದ್ದಿತು. ಮೂರನೆಯ ಸಲಕ್ಕೆ ಒಣಗಿದ ಗಂಟಲಿನಿಂದ ಅರ್ಧ ಶಿಳ್ಳೆ ಬಂತು. ಆರತಿ ಮುಗಿಯುವ ಹೊತ್ತಿಗೆ ಅವನು ಕುಂಟುತ್ತಾ ಹೋಗಿ ನೆನೆಸಿದ ನವಣೆಯ ಬಟ್ಟಲಿಗೆ ಕೊಕ್ಕು ಹಾಕಿದ. ವಿಶಾಲಾಕ್ಷಮ್ಮ ಗಂಟೆ ಕೆಳಗಿಡುವುದನ್ನೂ ಮರೆತು ಅತ್ತರು. ನನ್ನ ಕಣ್ಣೂ ಒದ್ದೆಯಾಗಿತ್ತು.

ಗುಂಡ ಉಳಿದ. ದೇವರಮನೆಯ ಬಾಗಿಲನ್ನು ಬಡಗಿಯಿಂದ ಕಳಚಿಸಿ, ಚೌಕಟ್ಟಿಗೆ ಅವನು ಕೂರಲು ಕೋಲು ಕಟ್ಟಿಸಿದರು. ನನ್ನ ಕೇಸ್ ಶೀಟಿನಲ್ಲಿ ತೂಕ, ಗಾಯ, ಆಹಾರ ಎಲ್ಲಕ್ಕೂ ಜಾಗವಿತ್ತು. ಅಂದಿನಿಂದ ಕೊನೆಗೊಂದು ಪ್ರಶ್ನೆಯನ್ನು ಕೈಯಲ್ಲಿ ಬರೆದುಕೊಳ್ಳತೊಡಗಿದೆ: ಮನೆಯಲ್ಲಿ ಏನು ನಿಂತುಹೋಗಿದೆ?

ಕೊನೆಯ ಚೆಕಪ್ಪಿಗೆ ಬಂದಾಗ ವಿಶಾಲಾಕ್ಷಮ್ಮ ನನ್ನ ಹಳೆಯ ಚೀಟಿಯನ್ನು ಮೇಜಿನ ಮೇಲಿಟ್ಟರು. ಔಷಧಿ, ಕಾವು, ಬೆಳಕು ಮೂರಕ್ಕೂ ರೈಟ್ ಹಾಕಿದ್ದರು. ‘ಸದ್ದು ಕೂಡದು’ ಎಂಬುದರ ಮುಂದೆ, ಕೆಂಪು ಇಂಕಿನಲ್ಲಿ, ದೊಡ್ಡದಾಗಿ ತಪ್ಪು ಹಾಕಿದ್ದರು.