ಆಸ್ಪತ್ರೆ ಮರಿ

ಮೊನ್ನೆ ಕಡೂರಿನ ಬಸ್ ನಿಲ್ದಾಣದಲ್ಲಿ ಕಂಬಳಿ ಹೊದ್ದವರೊಬ್ಬರು ಪಕ್ಕಕ್ಕೆ ಬಂದು ಕೂತರು. ಹನಿ ಬಿದ್ದ ಕಂಬಳಿಯ ವಾಸನೆ ಹೇಗಿರುತ್ತದೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ನನ್ನಾಕೆ ಮೂಗಿಗೆ ಸೆರಗು ಒತ್ತಿಕೊಂಡು ಆಚೆ ಸರಿದಳು, ನಾನು ಕಂಬಳಿಯತ್ತ ಸರಿದೆ. ನನಗೆ ಯಗಟಿಯ ಪುಟ್ಟತ್ತೆ ನೆನಪಾದಳು. ಪಾಪ, ಅವಳ ಹತ್ತಿರ ಒಂದೂ ಕುರಿ ಇರಲಿಲ್ಲ. ತಕರಾರು ಶುರುವಾಗಿದ್ದೇ ಅಲ್ಲಿಂದ.

ಪುಟ್ಟತ್ತೆ ನಮ್ಮಪ್ಪನ ತಂಗಿ. ಗಂಡ ತೀರಿಕೊಂಡ ಮೇಲೆ ಹಿತ್ತಲಿನ ನಾಲ್ಕು ತೆಂಗಿನಮರ, ಒಂದು ಹೊಲಿಗೆ ಯಂತ್ರ ಮತ್ತು ತನ್ನ ನಾಲಿಗೆಯ ಬಲದಲ್ಲಿ ಬದುಕಿದವಳು. ಎಲೆಅಡಿಕೆಗೆ ಹೊಗೆಸೊಪ್ಪು ಸೇರದೆ ಅವಳಿಗೆ ಬೆಳಗಾಗುತ್ತಿರಲಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಅವಳ ಕೆನ್ನೆಯೊಳಗೊಂದು ಹುಣ್ಣಾಯಿತು, ಏನು ಮಾಡಿದರೂ ಮಾಯಲಿಲ್ಲ. ಆಗ ನಾನು ತರೀಕೆರೆಯಲ್ಲಿ ಗುಮಾಸ್ತ. ಅಲ್ಲಿನ ಡಾಕ್ಟರಿಗೆ ತೋರಿಸಿದೆ.

"ಕ್ಯಾನ್ಸರ್. ಬೇಗ ಬೆಂಗಳೂರಿಗೆ ಹೋದ್ರೆ ಉಳೀತಾರೆ," ಎಂದರು ಅವರು.

ಆಪರೇಷನ್ನು, ಆಮೇಲೆ ರೇಡಿಯೇಷನ್ ಎಂಬ ಕರೆಂಟು ಕೊಡುವುದು, ವಾರಗಟ್ಟಲೆ ಅಲ್ಲೇ ಇರುವುದು. ಖರ್ಚು ಕೇಳಿ ನಾನು ಬೆರಳು ಮಡಿಸಿ ಎಷ್ಟು ತಿಂಗಳ ಸಂಬಳವೆಂದು ಎಣಿಸತೊಡಗಿದೆ. ಅತ್ತೆ ಮಾತ್ರ, "ನಡಿಯೋ ಸಾಕು. ಇದ್ದಷ್ಟು ದಿನ ಮುದ್ದೆ ನುಂಗ್ಕಂಡಿರ್ತೀನಿ," ಅಂದಳು. ಮುದ್ದೆ ನುಂಗುವುದೇ ಆಗಲೇ ಕಷ್ಟವಾಗಿತ್ತು.

ಊರಿನ ಕುರಿ ಸಾಕುವವರಲ್ಲಿ ಒಂದು ಪದ್ಧತಿಯಿತ್ತು. ವರ್ಷವರ್ಷವೂ ಪ್ರತಿ ಹಿಂಡಿನಿಂದ ಒಂದು ಮರಿಯ ಬೆನ್ನಿಗೆ ಕೆಮ್ಮಣ್ಣು ಬಳಿದು ಮೀಸಲು ಬಿಡುವುದು. ಅದು ಆಸ್ಪತ್ರೆ ಮರಿ. ಹಬ್ಬಕ್ಕೆ ಕೊಯ್ಯುವಂತಿಲ್ಲ, ಮದುವೆಗೆ ಮಾರುವಂತಿಲ್ಲ. ಯಾರ ಮನೆಗಾದರೂ ದೊಡ್ಡ ಕಾಯಿಲೆ ಬಂದರೆ ಆ ಮರಿಗಳು ಸಂತೆಗೆ ಹೋಗುತ್ತಿದ್ದವು. ಆದರೆ ಮರಿ ಬಿಟ್ಟವರಿಗೆ ಮಾತ್ರ.

ಇದರ ಯಜಮಾನಿಕೆ ಸಿದ್ದಪ್ಪನದು. ಅತ್ತೆಯನ್ನೂ ಸೇರಿಸಿಕೊಳ್ಳಿ ಎಂದು ಕೇಳಲು ನಾನು ಅವನ ಜಗಲಿಯಲ್ಲಿ ಕೂತು, "ಇದಕ್ಕೆ ಪೇಟೇಲಿ ಇನ್ಶೂರೆನ್ಸ್ ಅಂತಾರೆ," ಎಂದು ಭಾಷಣ ತೆಗೆದೆ.

"ಅದೇನು ಮೇಯ್ತದೆ?" ಅಂದ ಸಿದ್ದಪ್ಪ. ನನ್ನ ಭಾಷಣ ಅಲ್ಲಿಗೇ ಮುಗಿಯಿತು.

ಅವನೇನೂ ಕಟುಕನಲ್ಲ. ಅವನ ಮಾತಿನಲ್ಲೂ ನ್ಯಾಯವಿತ್ತು. "ಕಾಯ್ಲೆ ಬಂದ್ಮೇಲೆ ಸೇರ್ಕಂತೀನಿ ಅಂದ್ರೆ ಹೆಂಗಪ್ಪಾ? ಹಂಗಾದ್ರೆ ಗಟ್ಟಿಯಾಗಿರೋನು ಯಾವನು ಮರಿ ಬಿಡ್ತಾನೆ?"

ಉತ್ತರ ಬಂದದ್ದು ಒಳಗಿನಿಂದ, ಅವನ ಹೆಂಡತಿ ಗಂಗಮ್ಮನಿಂದ. "ಕುರಿ ಇಲ್ದೋರ್ನ ನೀವ್ಯಾವತ್ತು ಕರೆದ್ರಿ? ಕರೀದೆ ಬರ್ಲಿಲ್ಲ ಅಂತೀರಲ್ಲ! ತೆಂಗು ಇರೋರೆಲ್ಲ ಒಂದೊಂದು ಮರ ಬಿಡ್ಲಿ. ನಿಮ್ಮ ಮರಿಗಳೂ ಉಳೀತಾವೆ."

ಹಿಂದಿನ ವರ್ಷ ಒಬ್ಬನ ಕಾಯಿಲೆಗೇ ಮರಿಗಳೆಲ್ಲ ಖಾಲಿಯಾಗಿದ್ದವು. ಸಿದ್ದಪ್ಪ ಕೆಮ್ಮಣ್ಣು ಎಲ್ಲಿಟ್ಟಿದ್ದೀಯೆ ಎಂದು ಅವಳನ್ನೇ ಕೇಳಿದ.

ಮರುದಿನ ಬೆಳಿಗ್ಗೆ ಕೆಮ್ಮಣ್ಣಿನ ಬೋಗುಣಿ ಹಿಡಿದು ಅತ್ತೆಯ ಹಿತ್ತಲಿಗೆ ಬಂದ. ತೆಂಗಿನಮರಕ್ಕೆ ಬೆನ್ನು ಯಾವ ಕಡೆ? ಸ್ವಲ್ಪ ಹೊತ್ತು ನೋಡಿ, ಕೊನೆಗೆ ಸುತ್ತಲೂ ಬಳಿದ. "ಬಾಲ ಒಂದು ಬಿಟ್ಟೆ ಕಣೋ," ಅಂದಳು ಅತ್ತೆ ಆ ನೋಯುವ ಬಾಯಲ್ಲೇ. ಸಂಜೆಯೊಳಗೆ ಕುಂಬಾರನ ಹಿತ್ತಲಲ್ಲೂ ಮೇಷ್ಟ್ರ ಹಿತ್ತಲಲ್ಲೂ ಕೆಂಪು ಮರಗಳು. ಹೊರಗಿನವರು ಇದೇನೋ ಹೊಸ ರೋಗವೆಂದುಕೊಂಡರು.

ಮರಿ ಮತ್ತು ಕಾಯಿ ಸೇರಿ ಅತ್ತೆಯನ್ನು ಬೆಂಗಳೂರಿಗೆ ಮುಟ್ಟಿಸಿದವು. ಯಾರ ಹಿಂಡೂ ಬರಿದಾಗಲಿಲ್ಲ. ಕೆಲವು ತಿಂಗಳ ಮೇಲೆ ಕಡೂರಿನಲ್ಲಿ ರೈಲಿನಿಂದಿಳಿದವಳ ಕೆನ್ನೆ ಒಳಗೆ ಹೋಗಿತ್ತು. "ಮುಖ ಸೊಟ್ಟಗಾದ್ರೂ ಮಾತು ನೆಟ್ಟಗೈತೆ ಕಣೋ," ಎಂದು ನಕ್ಕಳು. ನನಗೆ ಅಳು ಬಂತು, ಸಂತೋಷಕ್ಕೆ.

ಆಮೇಲೆ ಬಹಳ ವರ್ಷ ಬದುಕಿದಳು. ಎಂಬತ್ತರ ದಶಕದಲ್ಲಿ ಒಮ್ಮೆ ಹೋದಾಗ ಕಾಯಿಲೆಯವರಿಗೆಂದು ಮೀಸಲಿಟ್ಟ ಆ ಕೆಂಪು ಮರದ ಕಾಯಿಯೆಲ್ಲ ಕೊಟ್ಟಿಗೆಯಲ್ಲಿ ರಾಶಿ ಬಿದ್ದಿತ್ತು. "ಈ ವರ್ಷ ನನ್ನ ಕಾಯಿ ಊರಲ್ಲಿ ಯಾರಿಗೂ ಬೇಕಾಗ್ಲೇ ಇಲ್ಲ ಕಣೋ!" ಎಂದು ಲಾಟರಿ ಹೊಡೆದವಳ ಹಾಗೆ ಹೇಳಿದಳು.

ಬಸ್ಸು ಬಂತು. ಸೀಟು ಸಿಕ್ಕ ಮೇಲೆ ನನ್ನಾಕೆ ಮೊಬೈಲು ನೋಡಿ, ಆರೋಗ್ಯ ವಿಮೆಯ ಕಂತು ಕಟ್ಟಬೇಕಂತೆ ಎಂದು ಮುಖ ಸಿಂಡರಿಸಿದಳು. ಹೋದ ವರ್ಷ ನಾನೇ ಇದಕ್ಕೆ ದಿನವಿಡೀ ಗೊಣಗಿದ್ದೆ.

"ಇಷ್ಟು ವರ್ಷ ಕಟ್ಟಿದ್ದೆಲ್ಲ ದಂಡ ಆಯ್ತಲ್ಲ?" ಎಂದಳು.

"ನಮಗೆ ಬೇಕಾಗ್ಲೇ ಇಲ್ಲ ಕಣೇ," ಎಂದೆ, ಬಸ್ಸಿಗೆಲ್ಲ ಕೇಳುವ ಹಾಗೆ.