ಮೌಶಿ ನೋಡದ ಹುಲಿ

ಮೊನ್ನೆ ಬಾಜೂ ಮನೆಯ ಕಾಕಾಗೆ ನೆಗಡಿ. ಕರ್ಚೀಫಿಗೆ ನೀಲಗಿರಿ ಎಣ್ಣೆ ಹಚ್ಚಿಕೊಂಡು ಮೂಸುತ್ತ ಕೂತಿದ್ದರು. ಆ ವಾಸನೆ ಬಡಿದದ್ದೇ ತಡ, ನಾನು ಸಿಂದಗಿಯ ಓಣಿಯಿಂದ ನೇರ ಗುಂಡ್ಲುಪೇಟೆಯ ಲಾಡ್ಜಿಗೆ ಹೋಗಿ ಬಿದ್ದೆ. ಆಮೇಲೆ ಮುಚ್ಚಿಟ್ಟ ಅನ್ನಬಾರದು, ಮೊದಲೇ ಹೇಳಿಬಿಡುತ್ತೇನೆ: ಆ ಲಾಡ್ಜಿನಲ್ಲಿ ಕೂತು ಹುಲಿ ನೋಡಿದೆ ಅಂತ ಹೆಣ್ಣುದನಿಯಲ್ಲಿ ಫೋನಿನೊಳಗೆ ಸುಳ್ಳು ಹೇಳಿದ ಶಾಣ್ಯಾ ನಾನೇ.

ಮಂದಿಯ ದನಿ ತೆಗೆಯುವುದು ನನ್ನ ಹಳೆಯ ಚಟ. ಮಾಸ್ತರು, ಕಂಡಕ್ಟರು, ಭಾಂಡೆ ಮಾರುವವಳು... ಯಾರನ್ನೂ ಬಿಟ್ಟಿಲ್ಲ. ಎಲ್ಲರ ದನಿಯೂ ಬರುತ್ತಿತ್ತು, ಪರೀಕ್ಷೆಯಲ್ಲಿ ಉತ್ತರ ಮಾತ್ರ ಬರುತ್ತಿರಲಿಲ್ಲ. ಎಲ್ಲಕ್ಕಿಂತ ಚಲೋ ಬರುತ್ತಿದ್ದದ್ದು ಕಾಕಾನ ಹೆಂಡತಿ, ನಮ್ಮ ಮೌಶಿಯ ದನಿ.

ಆ ದನಿಗೆ ಓಣಿಯಲ್ಲಿ ತೂಕವಿತ್ತು. ನಳದ ಮುಂದೆ ಕೊಡಗಳ ಜಗಳ ಬಿದ್ದರೆ ಯಾರ ಪಾಳಿ ಮೊದಲು ಅಂತ ಮೌಶಿಯನ್ನೇ ಕೇಳುತ್ತಿದ್ದರು. ತನ್ನ ಕೊಡ ಹಿಂದಿದ್ದರೆ ಹಿಂದೆ ಅಂತಲೇ ಹೇಳುವಾಕೆ.

ನಮ್ಮ ಮನೆಯವರು ಬಂಡೀಪುರಕ್ಕೆ ಹೊರಟಾಗ ತಾನೂ ಬರುತ್ತೇನೆ ಅಂದಳು. ಕಾಕಾ ನಕ್ಕರು. "ಹೋಗು. ನಿನಗ ಹುಲಿ ಕಂಡ್ರ ನಳದ ಮುಂದ ನಿಂತು, ನಾ ಸೋತೆ ಅಂತ ಒದರ್ತೇನಿ." ಆ ಒಂದು ಮಾತಿಗೆ ಮೌಶಿ ಇಡೀ ಬುಟ್ಟಿ ತುಂಬುವಷ್ಟು ಕಟಕ ರೊಟ್ಟಿ ಬಡಿದು ಗಂಟು ಕಟ್ಟಿದಳು.

ಗುಂಡ್ಲುಪೇಟೆಯಲ್ಲಿ ಎಲ್ಲಿ ನೋಡಿದರೂ ಹುಲಿಯೇ. ಟೀ ಅಂಗಡಿಯ ಬೋರ್ಡಿನ ಮೇಲೆ, ಪಂಕ್ಚರ್ ಅಂಗಡಿಯ ಗೋಡೆಯ ಮೇಲೆ, ನಮ್ಮ ಲಾಡ್ಜಿನ ಟವೆಲ್ಲಿನ ಮೇಲೆ. "ಊರಾಗ ಇಷ್ಟು ಅದಾವಂದ್ರ ಅಡವ್ಯಾಗ ಎಷ್ಟಿರಬೇಕು!" ಅಂದಳು ಮೌಶಿ. ಲಾಡ್ಜಿನ ಯಜಮಾನ ಕೀಲಿಕೈ ಕೊಡುತ್ತ, "ಬರೋರೆಲ್ಲಾ ಹುಲಿ ಹುಲಿ ಅಂತರೆ ಕಣವ್ವ. ಅದೇನು ನಮ್ಮನ್ನ ಕೇಳ್ಬುಟ್ಟು ಬತ್ತದಾ?" ಅಂದ. ನಾನು ಮೆಟ್ಟಿಲು ಹತ್ತುತ್ತಲೇ ಅವನ ದನಿ ತೆಗೆದೆ. ಮೌಶಿ ಬೆನ್ನಿಗೊಂದು ಗುದ್ದಿದಳು.

ಸಫಾರಿ ಇದ್ದದ್ದು ಮರುದಿನ ಮುಂಜಾನೆ. ಆ ಸಂಜೆ ಅವ್ವನೂ ಮೌಶಿಯೂ ಊಟಿ ರಸ್ತೆಯ ಅಂಗಡಿಗಳಲ್ಲಿ ನೀಲಗಿರಿ ಎಣ್ಣೆ ಮೂಸಲು ಹೋದರು. ಚಾರ್ಜಿಗೆ ಹಚ್ಚಿದ್ದ ಮೌಶಿಯ ಫೋನು ಹೊಡೆದುಕೊಂಡಿತು. ಕಾಕಾ.

"ಏನಬೇ, ಕಂಡ್ತೇನ ಹುಲಿ?"

ನಾಲಿಗೆ ತುರಿಸಿತು, ಏನು ಮಾಡಲಿ... "ಕಂಡ್ತ್ರಿ! ನಮ್ಮ ಕಟ್ಟಿಯಿಂದ ನಳ ಎಷ್ಟು ದೂರ, ಅಷ್ಟ ದೂರ! ನನ್ನ ಕಡೆ ಹೊಳ್ಳಿ ನೋಡ್ತು!"

ಕಾಕಾ "ಚಲೋ ಆತು" ಅಂದು ಫೋನ್ ಇಟ್ಟರು.

ಮೌಶಿ ಬರುವಷ್ಟರಲ್ಲಿ ಓಣಿಯವರ ಫೋನುಗಳು ಶುರುವಾಗಿದ್ದವು. ಕಾಕಾ ನಿಜಕ್ಕೂ ನಳದ ಮುಂದೆ ನಿಂತು, ಹೆಂಡತಿ ಹುಲಿ ನೋಡಿದಳು, ನಾನು ಸೋತೆ ಅಂತ ಒದರಿಬಿಟ್ಟಿದ್ದರು. ಮೌಶಿಯ ಮುಖ ಇಳಿದುಹೋಯಿತು. ನಾನು ತಪ್ಪು ಒಪ್ಪಿಕೊಂಡು, ಈಗಲೇ ಕಾಕಾಗೆ ಫೋನ್ ಮಾಡಿ ಖರೇ ಹೇಳಿಬಿಡು ಅಂದೆ.

"ಫೋನಿನ್ಯಾಗಿನ ಮಾತು ಇನ್ನ ಯಾರ ನಂಬ್ತಾರ? ಮಾತಾಡಾಕತ್ತಾಂವ ನೀ ಅದಿಯೋ, ನಾ ಅದೀನೋ! ನಾಳೆ ಹುಲಿ ಬಂದ್ರ ಚಲೋ. ಬರ್ಲಿಲ್ಲಂದ್ರ ಓಣ್ಯಾಗ ನಿಂತು ಖರೇ ಹೇಳ್ತೇನಿ. ಇಲ್ಲಂದ್ರ ನಳದ ಮುಂದ ನನ್ನ ಮಾತಿಗೆ ಏನ ಬೆಲಿ?"

ಮುಂಜಾನೆ ಬಸ್ಸಿನಲ್ಲಿ ಮೌಶಿ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಆನೆಯ ಹಿಂಭಾಗ ಕಂಡಿತು, ಕಾಡುಕೋಣ ಕಂಡಿತು, ಜಿಂಕೆಗಳಂತೂ ಹಿಂಡು ಹಿಂಡು. ಎಲ್ಲರೂ ಫೋಟೋ ಹೊಡೆಯುತ್ತಿದ್ದರೆ ಮೌಶಿ, "ಇಂಥಾವು ನಮ್ಮ ತೊಗರಿ ಹೊಲಕ್ಕ ಬಂದ್ರ ಕಲ್ಲು ಒಗದು ಓಡಸ್ತೇನಿ" ಅಂದಳು. ಕೊನೆಗೆ ಡ್ರೈವರ್ ಬಸ್ಸು ನಿಲ್ಲಿಸಿ ಧೂಳಿನಲ್ಲಿ ಹುಲಿಯ ಹೆಜ್ಜೆ ತೋರಿಸಿದ. ನನಗೆ ಜೀವ ಬಂತು.

"ಹೆಜ್ಜಿ ಕಂಡ್ರ ಹುಲಿ ಕಂಡಂಗ, ಮೌಶಿ."

"ಬಾಗಲದಾಗ ನಿನ್ನ ಚಪ್ಪಲ್ ಕಂಡ್ರ ನೀ ಒಳಗ ಓದಾಕತ್ತಿ ಅಂತ ಅರ್ಥೇನು?"

ಊರಿಗೆ ಬಂದಾಗ ಓಣಿಯೇ ಕಟ್ಟೆಯ ಮೇಲೆ ಕೂತಿತ್ತು. ಮೌಶಿ ಚೀಲ ಇಳಿಸುವ ಮೊದಲೇ ಹೇಳಿದಳು. "ಹುಲಿ ಇಲ್ಲ, ಅದರ ಬಾಲನೂ ಇಲ್ಲ. ಫೋನಿನ್ಯಾಗ ಮಾತಾಡಿದಾಂವ ಈ ಮಂಗ್ಯಾ." ಓಣಿ ಬಿದ್ದು ಬಿದ್ದು ನಕ್ಕಿತು. ನಾನು ಎಷ್ಟೋ ದಿನ 'ಹುಲೆವ್ವ' ಆಗಿ ತಿರುಗಿದೆ. ಕಾಕಾ ಮಾತ್ರ ನಗದೆ ಎದ್ದು ಒಳಗೆ ಹೋದರು. ನನ್ನಂಥವನ ಕೈಯಲ್ಲಿ ಮೋಸ ಹೋದೆನಲ್ಲ ಅಂತ ನಾಚಿಕೆ ಇರಬೇಕು ಅಂದುಕೊಂಡೆ.

ಮೌಶಿ ಹೋದ ವರ್ಷ ತೀರಿಕೊಂಡಳು. ಅವಳ ದನಿ ತೆಗೆಯುವುದನ್ನು ಬಿಟ್ಟಿದ್ದೇನೆ. ತೆಗೆದರೆ ಈಗಲೂ ಬರುತ್ತದೆ. ಆಮೇಲೆ ಸುಮ್ಮನೆ ಬಾಗಿಲ ಕಡೆ ನೋಡುವಂತಾಗುತ್ತದೆ...

ಮೊನ್ನೆ ಕಾಕಾನ ಎದುರು ಕೂತು ಧೈರ್ಯ ಮಾಡಿ ಕೇಳಿದೆ. "ಕಾಕಾ, ಅವತ್ತ ನಿಮಗ ಒಟ್ಟ ಸಂಶೇ ಬರಲಿಲ್ಲೇನ್ರಿ?"

ಕರ್ಚೀಫು ಮೂಗಿನಿಂದ ತೆಗೆದರು. "ಬರ್ಲಾರ್ದ ಏನಲೇ? ಗಂಡ ಉಂಡಾನೋ ಇಲ್ಲೋ ಕೇಳಲಾರ್ದ ಆಕಿ ಹುಲಿ ಸುದ್ದಿ ಹೇಳ್ತಾಳೇನು?"

"ಮತ್ತ ಓಣಿಗೆಲ್ಲ ಯಾಕ ಒದರಿದ್ರಿ?"

"ಆಕಿ ಮುಂದ ಒಮ್ಮೆರೆ ಸೋಲೂಣು ಅಂತ ಮಾಡಿದ್ದೆ. ಖರೇ ಹೇಳಿ ಅದನ್ನೂ ಕೆಡಿಸಿ ಹೋದ್ಲು."